ಶುಭಸಮಯ ಪ್ರಿಂಟರ್ಸಿನ ಕಾವಲು ನಂದಿ

“ಹಿಂದಕ್ಕ ಸರೀರಿ! ಎಲ್ಲಾರೂ ಹಿಂದಕ್ಕ ಸರೀರಿ! ಉಸಿರು ತಾಕಿದ್ರೂ ಯಾರ ಉಸಿರು ಅಂತ ಇದಕ್ಕ ಗೊತ್ತಾಕ್ಕೈತಿ!” ಎಂದು ಕೂಗುತ್ತ ಗುರಸಿದ್ದ ಮೇಜಿನ ಮೇಲೆ ಹೊದಿಸಿದ್ದ ಟವೆಲನ್ನು ಜಾದೂಗಾರನ ಗತ್ತಿನಲ್ಲಿ ಎಳೆದ.

ಟವೆಲಿನ ಕೆಳಗಿದ್ದದ್ದು ಹಿಟ್ಟು ತುಂಬಿಡುವ ಒಂದು ಸ್ಟೀಲ್ ಡಬ್ಬಿ. ಡಬ್ಬಿಗೆ ಎರಡು ಕ್ಯಾಮೆರಾ ಕಣ್ಣು, ಹಳೆಯ ಸ್ಕೂಟರಿನ ಎರಡು ಕನ್ನಡಿಗಳ ಕಿವಿ, ಮೂಗಿನ ಜಾಗದಲ್ಲಿ ಬಸ್ಸಿನ ಹಾರ್ನು, ಕೊರಳಲ್ಲಿ ಗಂಟೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಿದ್ದ.

“ಇದರ ಹೆಸರು ನಂದಿ! ಗುಡ್ಯಾಗ ನಂದೀನ್ನ ದಾಟಿ ಶಿವನ ಕಡೆ ಹೋಗಾಕ ಆಗತೈತೇನು? ಇಲ್ಲ! ಹಂಗ ಇದನ್ನ ದಾಟಿ ನಮ್ಮ ಕಂಪ್ಯೂಟರಿನ ಕಡೆ ಕಳ್ಳನೂ ಹೋಗಂಗಿಲ್ಲ, ವೈರಸ್ಸೂ ಹೋಗಂಗಿಲ್ಲ!”

“ಹಾರ್ನ್ ಯಾಕೋ ಇದಕ್ಕ?” ಅವನ ಅತ್ತಿಗೆ ನೀಲಗಂಗಾ ಕೇಳಿದಳು.

“ವೈನಿ, ನಂದಿಗೆ ಮೂಗು ಬ್ಯಾಡೇನು?”

“ಮೂಗಿನಿಂದ ಊರು ಎಬ್ಬಸೂ ನಂದೀನ್ನ ನಾ ಎಲ್ಲೂ ನೋಡಿಲ್ಲಪಾ.”

ಗುರಸಿದ್ದ ಸಾಮಾನ್ಯ ಮನುಷ್ಯನಲ್ಲ. ಗದಗಿನಲ್ಲಿ ಅವನಷ್ಟು ತಲೆಯಿದ್ದವನು ಹಿಂದೆ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವನ ಯಂತ್ರಗಳಿಗೆ ಹೆದರಿ ಹುಬ್ಬಳ್ಳಿ ಕಡೆ ಓಡಿರುತ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಟಿ.ವಿ., ಮಿಕ್ಸರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು ಒಮ್ಮೆ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ಮೊದಲ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿಯಿತೆಂದರೆ, ರೊಟ್ಟಿ ಕಿಟಕಿಯಿಂದ ಹಾರಿ, ರೈಲ್ವೆ ಸ್ಟೇಷನ್ನಿನ ಮೇಲೆ ಹಾದು ಹೋದದ್ದು ಇನ್ನೂ ಕೆಳಗೆ ಇಳಿದಿಲ್ಲ. ಅವನ ಸೊಳ್ಳೆ ಹಿಡಿಯುವ ಬುಟ್ಟಿ ಓಣಿಯ ಸೊಳ್ಳೆಗಳನ್ನೆಲ್ಲ ಬಿಟ್ಟು ಓಣಿಯ ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಹಿಡಿದಿತ್ತು. “ನಮ್ಮ ಗುರಸಿದ್ದನ ಯಂತ್ರ ಕೆಲಸ ಮಾಡತೈತಿ, ನಾವು ಹೇಳಿದ ಕೆಲಸ ಮಾತ್ರ ಮಾಡೂದಿಲ್ಲ,” ಎಂದು ಅವನ ಅಣ್ಣ ವೀರಭದ್ರಪ್ಪ ನಗುತ್ತಿದ್ದ.

ಹಾಗೆ ನಗುತ್ತಿದ್ದ ಅಣ್ಣ ಈಗ ಗೋಡೆಯ ಮೇಲೆ, ಗಂಧದ ಹಾರದೊಳಗೆ ಇದ್ದ.

ಶುಭಸಮಯ ಪ್ರಿಂಟರ್ಸ್ ಎಂದರೆ ಲಗ್ನಪತ್ರಿಕೆಗೆ ಹೆಸರಾದ ಅಂಗಡಿ. ಅಲ್ಲಿ ಪತ್ರಿಕೆ ಹಾಕಿಸಿದ ಮದುವೆಗೆ ಕರೆಯದವರೂ ಬರುತ್ತಾರೆ, ಪತ್ರಿಕೆಯ ಚೆಂದ ನೋಡಿಯೇ ಸೊಸೆಯನ್ನು ಒಪ್ಪಿಕೊಂಡ ಅತ್ತೆಯರಿದ್ದಾರೆ ಎಂಬ ಮಾತು ಸುತ್ತಲ ಊರುಗಳಲ್ಲೆಲ್ಲ ಹಬ್ಬಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಕಟ್ಟಿದ ಅಂಗಡಿ. ಒಂದು ಮಧ್ಯಾಹ್ನ ವೀರಭದ್ರಪ್ಪ ಯಾರದೋ ಮಗಳ ಮದುವೆಯ ಪ್ರೂಫ್ ನೋಡುತ್ತ ಕುಳಿತವನು ಕುರ್ಚಿಯಲ್ಲೇ ಒರಗಿದ. ಮತ್ತೆ ಏಳಲಿಲ್ಲ.

ಗಾಡಿ ಕರೆಸಿದವಳು ನೀಲಗಂಗಾ. ಆಸ್ಪತ್ರೆಯಲ್ಲಿ ಸಹಿ ಮಾಡಿದವಳು, ಬೀಗರಿಗೆಲ್ಲ ಫೋನ್ ಮಾಡಿದವಳು, ಸ್ವಾಮಿಗಳಿಗೆ ಹೇಳಿ ಕಳಿಸಿದವಳು ಅವಳೇ. ಗಂಡನ ಶಿವಗಣಾರಾಧನೆಯ ಕಾರ್ಡಿಗೆ ಅಂಚು ಯಾವ ಬಣ್ಣದ್ದಿರಬೇಕೆಂದು ನಿಂತು ನೋಡಿ ಅಚ್ಚು ಹಾಕಿಸಿದವಳೂ ಅವಳೇ. ಇಷ್ಟೆಲ್ಲದರ ನಡುವೆ ಅವಳು ಅಳಲಿಲ್ಲ. ತಡೆದುಕೊಂಡಳು ಎಂದಲ್ಲ, ಅಳು ಬರಲಿಲ್ಲ. ಮಣ್ಣು ಮಾಡುವಾಗ ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಆರಾಧನೆಯ ದಿನ ಬಂದೀತು ಎಂದು ಸೆರಗಿನ ತುದಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಿದಳು. ಹುಗ್ಗಿ ಸಾಕಾಗುತ್ತದೋ ಇಲ್ಲವೋ ಎಂಬ ಚಿಂತೆ ಬಂತು, ಅಳು ಬರಲಿಲ್ಲ.

“ಕಲ್ಲು,” ಅಂದಳು ಅವಳ ಗಂಡನ ಅಕ್ಕ ಕಸ್ತೂರೆವ್ವ, ಮೆಲ್ಲಗೆ, ಅಂದರೆ ಮುಳಗುಂದದವರೆಗೆ ಕೇಳುವಷ್ಟು ಮೆಲ್ಲಗೆ. “ನಮ್ಮ ತಮ್ಮಗ ಕಲ್ಲು ಕಟ್ಟಿ ಕೊಟ್ಟಿದ್ವಿ.”

ಅದೇ ಮಾತು ನೀಲಗಂಗಾಳೊಳಗೂ ಸುತ್ತುತ್ತಿತ್ತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯನಿಗಾಗಿ ಒಂದು ಹನಿ ಬಾರದಿದ್ದರೆ, ತನಗೆ ಅವನ ಮೇಲೆ ಪ್ರೀತಿ ಇತ್ತೋ, ಬರೀ ರೂಢಿ ಇತ್ತೋ? ಇದನ್ನು ಯಾರ ಹತ್ತಿರ ಕೇಳಬೇಕು? ಕೇಳಬಹುದಾಗಿದ್ದ ಒಬ್ಬನೂ ಗೋಡೆ ಏರಿದ್ದ.

ಸಾಲದ್ದಕ್ಕೆ ಅದೇ ವಾರ ಅಂಗಡಿಯ ಹಳೆಯ ಕಂಪ್ಯೂಟರ್ ಕೂಡ ಸತ್ತಿತು. ಅದು ಎಂಥ ಮುದಿ ಯಂತ್ರವೆಂದರೆ, ಅದರ ಫ್ಯಾನು ತಿರುಗಿದರೆ ಪಕ್ಕದ ಗಿರಣಿಯವರು ನಮ್ಮದೇ ಸುರುವಾಯಿತೆಂದು ಜೋಳ ಸುರಿಯುತ್ತಿದ್ದರು. ಪ್ರತಿ ಸೋಮವಾರ ಅದರ ರ್‍ಯಾಮ್ ಬಿಚ್ಚಿ, ಶಾಲೆಯ ರಬ್ಬರಿನಿಂದ ತಿಕ್ಕಿ, ಊದಿ, ಊದುಬತ್ತಿ ಬೆಳಗಿ ಮತ್ತೆ ಕೂರಿಸಿದರೆ ಮಾತ್ರ ಕಣ್ಣು ಬಿಡುತ್ತಿತ್ತು. ಯಾವನೋ ಮದುಮಗ ತನ್ನ ಫೋಟೋ ತಂದ ಪೆನ್‌ಡ್ರೈವಿನಲ್ಲಿ ಒಂದು ವೈರಸ್ಸನ್ನೂ ತಂದ. ಅದು ಒಂದು ತಾಸಿನೊಳಗೆ ಆ ಹಂಗಾಮಿನ ಲಗ್ನಪತ್ರಿಕೆಗಳನ್ನೆಲ್ಲ ನುಂಗಿ, ಪರದೆಯ ಮೇಲೆ ಒಂದು ತಲೆಬುರುಡೆ ಬಿಟ್ಟು ಹೋಯಿತು.

ಸೂತಕ ಗೀತಕ ಅವರ ಮನೆತನದಲ್ಲಿಲ್ಲ. ಆರಾಧನೆಗೆ ಇನ್ನೂ ದಿನಗಳಿರುವಾಗಲೇ ನೀಲಗಂಗಾ ಗುರಸಿದ್ದನನ್ನು ಕರೆದುಕೊಂಡು ಹೊಸ ಕಂಪ್ಯೂಟರ್ ತರಲು ಹುಬ್ಬಳ್ಳಿಗೆ ಹೊರಟಳು. “ಗಂಡನ ಮ್ಯಾಲಿನ ಮಣ್ಣು ಆರಿಲ್ಲ, ಕಂಪ್ಯೂಟರ್ ಬೇಕಾತು,” ಎಂದು ಓಣಿ ಅಂದುಕೊಂಡಿತು.

ಹುಬ್ಬಳ್ಳಿಯ ಅಂಗಡಿಯವನು ಬೆನ್ನು ತುಂಬ ಬಣ್ಣದ ದೀಪ ಹೊತ್ತಿಕೊಂಡಿದ್ದ ಒಂದು ಕಂಪ್ಯೂಟರನ್ನು ಮುಂದೆ ತಳ್ಳಿದ. ಹೊರಗೆ ಬೆಳಕು ಬಿದ್ದು ಟ್ರಾಫಿಕ್ ಪೊಲೀಸ್ ಅದನ್ನೇ ಸಿಗ್ನಲ್ ಅಂದುಕೊಂಡ.

“ಇದು ಟಾಪ್ ರೀ ಅಕ್ಕಾರ. ಎಂಥಾ ಗೇಮ್ ಹಾಕಿದ್ರೂ ಬೆಣ್ಣಿ ಹಂಗ ಓಡತೈತಿ.”

“ನಾವು ಲಗ್ನಪತ್ರಿಕಿ ಮಾಡಾವ್ರಪಾ. ಇದರಾಗ ಹಾಕಿದ್ರ ಮದುಮಕ್ಕಳು ಹೊರಗ ಬಂದು ಕುಣೀತಾರೇನು?”

“ಇಲ್ರಿ...”

“ಮತ್ತ ಈ ದೀಪಾ ಯಾರಿಗೆ? ಇದನ್ನ ಬಿಡು. ರ್‍ಯಾಮ್ ಬೇಕಾದಾಗ ಇನ್ನಷ್ಟು ಹಾಕಾಕ ಜಾಗಾ ಇರಬೇಕು. ಕರೆಂಟ್ ಹೋದ್ರ ಬರದದ್ದು ಹಾಳಾಗಬಾರದು, ಒಂದು ಗಟ್ಟಿ ಯುಪಿಎಸ್ ಬೇಕು. ನಕಲು ಇಡಾಕ ಬ್ಯಾರೆ ಡಿಸ್ಕ್ ಬೇಕು. ಇನ್ನ ಪರದೆ... ಇದ್ದ ಬಣ್ಣ ಇದ್ದಂಗ ತೋರಸೂ ಪರದೆ ಯಾವುದೈತಿ?”

ಅಂಗಡಿಯವನು ಬೆವರಿದ. ಇಂಥ ಗಿರಾಕಿಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಕೊನೆಗೆ ಮಾಳಿಗೆಯಿಂದ ಒಂದು ಪರದೆ ಇಳಿಸಿ ತಂದ. ನೀಲಗಂಗಾ ತನ್ನ ಸೀರೆಯ ಸೆರಗನ್ನು ಪಕ್ಕಕ್ಕೆ ಹಿಡಿದು, ಅದೇ ಸೆರಗಿನ ಫೋಟೋ ಪರದೆಯ ಮೇಲೆ ತೆಗೆಸಿ, ಎರಡನ್ನೂ ಹೋಲಿಸಿ ನೋಡಿಯೇ ಒಪ್ಪಿದಳು.

“ವೈನಿ, ಇವುಕ್ಕೆಲ್ಲಾ ಕಾವಲು ಯಾರು?” ಗುರಸಿದ್ದ ಬಸ್ಸಿನಲ್ಲಿ ಕೇಳಿದ. ಇನ್ನೊಂದು ಯಂತ್ರ ಹುಟ್ಟುತ್ತದೆಂದು ನೀಲಗಂಗಾಗೆ ಆಗಲೇ ತಿಳಿಯಿತು. ಅವನ ಕಣ್ಣು ಹೊಳೆಯುತ್ತಿತ್ತು. ಅಣ್ಣ ಹೋದ ಮೇಲೆ ಮೊದಲ ಸಲ ಹೊಳೆದದ್ದು. ಅದಕ್ಕೇ ಅವಳು ಬೇಡ ಅನ್ನಲಿಲ್ಲ.

ಹೀಗೆ ಹುಟ್ಟಿದ್ದು ನಂದಿ.

“ಬರೇ ಮುಖಾ ನೋಡೂ ಕ್ಯಾಮೆರಾ ಎಲ್ಲಾ ಕಡೆ ಅದಾವ,” ಎಂದು ಗುರಸಿದ್ದ ಟವೆಲು ಎಳೆದ ಆ ಬೆಳಿಗ್ಗೆ ನೆರೆದವರಿಗೆ ವಿವರಿಸಿದ. “ಫೋಟೋ ತೋರಿಸಿದ್ರ ಮೋಸ ಹೋಗತಾವ. ನನ್ನ ನಂದಿ ಮುಖದ ಒಳಗ ನೋಡತೈತಿ! ಚರ್ಮದ ಬಿಸಿ, ರೆಪ್ಪಿ ನಡುಗೂದು, ಉಸಿರಿನ ಭಾರ, ಎಲ್ಲಾ! ಕಳ್ಳ ನಿಮ್ಮ ಮುಖಾ ಕದೀಬಹುದು, ನಿಮ್ಮ ಜೀವಾ ಕದಿಯಾಕ ಆಗೂದಿಲ್ಲ. ಮೆಹಬೂಬ, ಬಾ ಇಲ್ಲಿ!”

ಡಿಸೈನ್ ಮಾಡುವ ಮೆಹಬೂಬ ಬಂದು ನಿಂತ. ಗಂಟೆ ಅಲ್ಲಾಡಿತು. “ಮೆಹಬೂಬ. ನಮ್ಮವ. ಒಳಗ ಬಾ,” ಎಂದು ನಂದಿ ಗುರಸಿದ್ದನದೇ ದನಿಯಲ್ಲಿ ನುಡಿಯಿತು. ಕಂಪ್ಯೂಟರುಗಳು ಬೆಳಗಿದವು. ಕಟಿಂಗ್ ಮಶೀನಿನ ತಿರಕಪ್ಪ ಬಂದ, ಅವನನ್ನೂ ಗುರುತಿಸಿತು. ನೀಲಗಂಗಾ ಬಂದಳು. “ನೀಲಗಂಗವ್ವ. ನಮ್ಮಾಕಿ. ಒಳಗ ಬರ್ರಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಗುರಸಿದ್ದನ ಯಂತ್ರ ಹೇಳಿದ ಕೆಲಸವನ್ನೇ ಮಾಡಿದ್ದು ಗದಗಿನ ಇತಿಹಾಸದಲ್ಲಿ ಅದೇ ಮೊದಲು!

ಆರಾಧನೆಯ ದುಃಖ ಕೆಲಸದವರ ಮುಖದಿಂದ ಇನ್ನೂ ಇಳಿದಿರದ ಆ ಒಂದು ವಾರ ನೆಟ್ಟಗೆ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ ಮೆಹಬೂಬ ನಗುತ್ತ ಬಂದ. ಮಗಳು ಮೊದಲ ಸಲ ಗೋಡೆ ಹಿಡಿದು ನಡೆದಿದ್ದಳು. ಪೇಢೆಯ ಡಬ್ಬಿ ಹಿಡಿದು ನಂದಿಯ ಮುಂದೆ ನಿಂತ.

“ಇವನ್ಯಾರೋ ನನಗ ಗೊತ್ತಿಲ್ಲ!” ಎಂದಿತು ನಂದಿ. ಹಾರ್ನು ಮೊಳಗಿತು. ಆ ಸದ್ದಿಗೆ ಎದುರಿನ ಬಳೆ ಅಂಗಡಿಯ ಬಳೆಗಳೆಲ್ಲ ಒಂದೇ ಸಲ ಒಡೆದವು, ಪೇಢೆ ಪುಡಿಯಾಯಿತು, ದಾರಿಯಲ್ಲಿ ಹೊರಟಿದ್ದ ಎಮ್ಮೆಯೊಂದು ಹೆದರಿ ಅಂಗಡಿಯೊಳಗೆ ಬಂದು ಬಿಲ್ ಮಾಡಿಸಲು ನಿಂತಿತು.

“ಏ ಅಣ್ಣಾ, ನಾನೋ, ಮೆಹಬೂಬ!”

“ಮೆಹಬೂಬ ಹಿಂಗ ಇರೂದಿಲ್ಲ!” ಎಂದಿತು ನಂದಿ.

ಗುರಸಿದ್ದ ಓಡಿ ಬಂದ. ವೈರು ಬಿಚ್ಚಿದ, ಕಚ್ಚಿದ, ಕಟ್ಟಿದ. ಆಗಲಿಲ್ಲ. ಮೆಹಬೂಬ ಸೋತು ಕೆಳಗೆ ಕುಳಿತು, ಗೋಡೆಯ ಮೇಲಿನ ಫೋಟೋ ನೋಡಿ, “ಅಣ್ಣಾರಿದ್ದಿದ್ರ ಮೊದಲನೇ ಪೇಢೆ ಅವರಿಗೆ ಕೊಡ್ತಿದ್ದೆ,” ಅಂದ. ಅವನ ಕಣ್ಣು ತುಂಬಿತು.

ಗಂಟೆ ಅಲ್ಲಾಡಿತು. “ಮೆಹಬೂಬ. ನಮ್ಮವ. ಒಳಗ ಬಾ.”

ಎಲ್ಲರೂ ನಂದಿಯತ್ತ ತಿರುಗಿದರು. ಎಮ್ಮೆಯೂ.

“ಗುರಸಿದ್ದಾ, ನಮ್ಮೆಲ್ಲಾರ ಗುರುತು ಯಾವಾಗ ತಗೊಂಡಿ ನೀ?” ನೀಲಗಂಗಾ ಕೇಳಿದಳು.

“ಆರಾಧನಿ ದಿವಸ, ವೈನಿ. ಎಲ್ಲಾರೂ ಒಂದ ಕಡೆ ಸಿಕ್ಕಿದ್ರಲ್ಲ. ಹುಗ್ಗಿಗೆ ಕೂತ ಪಂಕ್ತಿಯೊಳಗ, ಒಬ್ಬೊಬ್ಬರದ...” ಅಂದು ಭಜನೆಯವರು ಹಾಡುವಾಗ ಅಳದೆ ಉಂಡವರೇ ಇರಲಿಲ್ಲ. ಒಬ್ಬಳನ್ನು ಬಿಟ್ಟು. ಅವಳು ಸೌಟು ಹಿಡಿದು ನಿಂತಿದ್ದಳು.

“ತಿರುಗಿ ತಗೋ. ಈಗ. ನಗುವಾಗ.”

“ಆಗೂದಿಲ್ಲ, ವೈನಿ.” ಗುರಸಿದ್ದ ನೆಲ ನೋಡಿದ. “ಗುರುತು ಬದಲಿ ಮಾಡಬೇಕಂದ್ರ ಮಾಲೀಕರು ಹೂಂ ಅನ್ನಬೇಕು. ಹಂಗ ಭದ್ರ ಮಾಡೀನಿ.”

“ನಾ ಹೂಂ ಅಂತೀನಿ.”

“ಮಾಲೀಕರು ನೀವಲ್ಲ. ಅದು ಮಾಲೀಕರ ಹೆಸರು ಹೇಳು ಅಂತು... ಕೈ ತಾನ ಅಣ್ಣನ ಹೆಸರು ಹೊಡೀತು.”

“ಅದನ್ನ ಕಿತ್ತು ಬಿಸಾಕು!”

“ಕಿತ್ರ ಡಿಸ್ಕಿನಾಗ ಇದ್ದದ್ದೆಲ್ಲಾ ಕಲಸಿ ಹಿಟ್ಟಾಕ್ಕೈತಿ. ಕಳ್ಳ ಕಿತ್ಕೊಂಡು ಹೋದ್ರೂ ಅವಗ ಏನೂ ಸಿಗಬಾರದಂತ. ನಕಲಿಟ್ಟ ಡಿಸ್ಕೂ ಅದರ ಕೈಯಾಗ ಐತಿ.” ಅಷ್ಟರಲ್ಲೂ ಅವನ ದನಿಯಲ್ಲಿ ಸ್ವಲ್ಪ ಜಂಬ ಉಳಿದಿತ್ತು.

ಒಳಗೆ ಒಂದು ಹಂಗಾಮಿನ ಮದುವೆಗಳು ಕುಳಿತಿದ್ದವು. ಅಂದಿನಿಂದ ಶುಭಸಮಯ ಪ್ರಿಂಟರ್ಸಿನಲ್ಲಿ ಅತ್ತರೆ ಮಾತ್ರ ಕೆಲಸ.

ಮೊದಲು ಈರುಳ್ಳಿ ತಂದರು. ನಂದಿ ಮೂಸಿ, “ಇದು ಈರುಳ್ಳಿ!” ಎಂದು ಹಾರ್ನು ಹೊಡೆಯಿತು. ನಾಟಕದವರು ಕಣ್ಣಿಗೆ ಹಾಕಿಕೊಳ್ಳುವ ಮುಲಾಮು ತಂದರು. “ಇದು ಸುಳ್ಳು!” ಎಂದಿತು. ಉಸಿರಿನ ಭಾರ ಅಳೆಯುವ ಯಂತ್ರವದು, ಖರೇ ದುಃಖವನ್ನೇ ಕೇಳುತ್ತಿತ್ತು. ಸರಿ, ಮೆಹಬೂಬ ದಿನಕ್ಕೊಂದು ದುಃಖ ತೆಗೆಯತೊಡಗಿದ. ತಂದೆಯ ಸಾವು, ಬಕ್ರೀದಿಗೆ ಹೋದ ಆಡು, ಕಾಲೇಜಿನ ಕಾಲದಲ್ಲಿ ಹೊಂಬಳಕ್ಕೆ ಮದುವೆಯಾಗಿ ಹೋದ ಒಬ್ಬ ಹುಡುಗಿ. ಎರಡು ವಾರದೊಳಗೆ ಅವನ ದುಃಖವೆಲ್ಲ ಖರ್ಚಾಗಿ, ತಿರಕಪ್ಪನ ಹತ್ತಿರ ಕಡ ಕೇಳಲು ಹೋದ.

“ನನ್ನ ಹೇಂತಿ ಬೈದದ್ದು ಒಂದೈತಿ, ಕೊಡ್ಲೇನು?”

“ಅದರಾಗ ಏನೈತೋ ಅಳಾಕ?”

“ನೀ ಆಕಿ ಬೈಯೂದು ಕೇಳಿಲ್ಲ!”

ನಂದಿ ದಿನದಿನಕ್ಕೆ ತಾನೇ ಕಲಿಯುತ್ತಿತ್ತು. ಕಲಿತು ಕಲಿತು, ದುಃಖ ಇದ್ದವರೆಲ್ಲ ನಮ್ಮವರು, ನಗುವವರೆಲ್ಲ ಕಳ್ಳರು ಎಂಬ ತೀರ್ಮಾನಕ್ಕೆ ಬಂತು. ಇನ್ನು ಗಿರಾಕಿಗಳ ಪಾಡು ಕೇಳಬೇಕೆ! ಹೆಣ್ಣಿನ ತಂದೆ ಬಂದು, “ಮಗಳ ಹೆಸರು ಸುವರ್ಣಾ ಅಂತ ಬರಕೋರಿ, ಒಬ್ಬಾಕೆ ಮಗಳು...” ಅನ್ನುವಷ್ಟರಲ್ಲಿ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. “ಬರ್ರಿ ಬರ್ರಿ, ನಮ್ಮವರು, ಕುಂದರ್ರಿ,” ಎಂದು ನಂದಿ ಪ್ರೂಫ್ ತೋರಿಸುತ್ತಿತ್ತು. ಗಂಡಿನ ತಂದೆ ಎಲೆಅಡಿಕೆ ಜಗಿಯುತ್ತ ನಗುತ್ತ ಕಾಲಿಟ್ಟನೋ, ಹಾರ್ನು! ಒಬ್ಬನ ರುಮಾಲು ಹಾರಿ ಫ್ಯಾನಿಗೆ ಸಿಕ್ಕು, ಮೂರು ದಿನ ತಿರುಗಿತು. ಬೀಗರಿಬ್ಬರೂ ಕೂಡಿ ಬಂದರೆ ಒಬ್ಬ ಒಳಗೆ, ಒಬ್ಬ ಹೊರಗೆ.

ಊರಿಗೆ ಇದರ ರುಚಿ ಹತ್ತಿತು. ಮನೆಯಲ್ಲಿ ಅಳಲು ಜಾಗವಿಲ್ಲದವರು ನೆಪ ತೆಗೆದು ಬರತೊಡಗಿದರು. ಲೆಟರ್‌ಹೆಡ್ ಮಾಡಿಸುವ ನೆಪದಲ್ಲಿ ಒಬ್ಬ ವಕೀಲರು ಬಂದು ನಂದಿಯ ಮುಂದೆ ಕುಳಿತು, ತಮ್ಮ ತಾಯಿಯನ್ನು ನೆನೆದು ಅತ್ತು, ಹಗುರಾಗಿ ಹೋದರು. ಲೆಟರ್‌ಹೆಡ್ ಒಯ್ಯಲೇ ಇಲ್ಲ. ಅಂಗಡಿಯಲ್ಲಿ ಕಣ್ಣೀರು ಎಷ್ಟು ನಿಂತಿತೆಂದರೆ ಗಿರಾಕಿಗಳ ಚಪ್ಪಲಿ ತೇಲಿ ತೇಲಿ ಟಾಂಗಾಕೂಟದವರೆಗೆ ಹೋಗುತ್ತಿದ್ದವು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿಣ ಒಣಗುತ್ತಲೇ ಇರಲಿಲ್ಲ.

ಈ ಮಹಾಪೂರದ ನಡುವೆ ನೀಲಗಂಗಾ ಒಬ್ಬಳೇ ಒಣಗಿದ್ದಳು.

ಅವಳು ಒಣ ಮುಖದಲ್ಲಿ ಬಂದು ನಿಂತರೆ ಸಾಕು, ಒಂದು ಕ್ಷಣ ತಡವಿಲ್ಲದೆ ಗಂಟೆ ಅಲ್ಲಾಡುತ್ತಿತ್ತು. “ನೀಲಗಂಗವ್ವ. ನಮ್ಮಾಕಿ. ಒಳಗ ಬರ್ರಿ.” ಸುತ್ತ ಅಳುತ್ತ ನಿಂತವರು ತಿರುಗಿ ನೋಡುತ್ತಿದ್ದರು. ಬಾಯಿ ಬಿಟ್ಟು ಅನ್ನಲು ಕಸ್ತೂರೆವ್ವ ಇದ್ದಳು. ಒಂದು ದಿನ ಬಂದು, ತಮ್ಮನ ಫೋಟೋ ನೋಡಿ ಅತ್ತು, ನಂದಿಯಿಂದ “ಬರ್ರಿ” ಅನ್ನಿಸಿಕೊಂಡು, ಹಿಂದೆಯೇ ಬಂದ ನೀಲಗಂಗಾಗೂ ಅದು “ಬರ್ರಿ” ಅಂದದ್ದನ್ನು ಕೇಳಿದಳು.

“ನೋಡವಾ, ಮಂದಿ ಕಲ್ಲು ಅಂದ್ರ ನಿನಗ ಸಿಟ್ಟು ಬರತೈತಿ. ಈಗ ಡಬ್ಬಿನೂ ಹೇಳತೈತಿ.”

“ಅಕ್ಕಾ, ಅದು ಹಿಟ್ಟಿನ ಡಬ್ಬಿ.”

“ಹಿಟ್ಟಿನ ಡಬ್ಬಿಗೆ ಗೊತ್ತಾದದ್ದು ನನ್ನ ತಮ್ಮಗ ಗೊತ್ತಾಗಲಿಲ್ಲ ನೋಡು.”

ನೀಲಗಂಗಾ ಅಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತಳು. ಗಂಡನ ಅಂಗಿ ತೆಗೆದು ಮುಖಕ್ಕೆ ಒತ್ತಿಕೊಂಡಳು. ಇಂಕಿನ ವಾಸನೆ ಬಂತು. ಆಸ್ಪತ್ರೆಯ ಮಂಚ ನೆನೆಸಿಕೊಂಡಳು. ಮಂಚದ ಒಂದು ಕಾಲು ಗಿಡ್ಡ ಇತ್ತು, ಅದಕ್ಕೆ ಇಟ್ಟಿಗೆ ಕೊಟ್ಟಿದ್ದರು ಎಂಬುದು ನೆನಪಾಯಿತು. ಒಂದು ಹನಿ ಬರಲಿಲ್ಲ. ಅಂಗಿಯನ್ನು ಮಡಚಿ, ಗೆರೆ ಸರಿಮಾಡಿ ಒಳಗಿಟ್ಟಳು.

ಅಂಗಡಿ ಮಾತ್ರ ಅವಳಿಂದಲೇ ನಡೆಯುತ್ತಿತ್ತು. ಮೆಹಬೂಬನಿಗೆ ಅಳು ಸಿಗದ ದಿನ ಅವಳೇ ದೊಡ್ಡ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮುಗಿಸುತ್ತಿದ್ದಳು.

ಅಂಥದೇ ಒಂದು ದಿನ ಒಬ್ಬ ಗಿರಾಕಿ ಹಳೆಯ ಲಗ್ನಪತ್ರಿಕೆಯೊಂದನ್ನು ತಂದ. ದೊಡ್ಡ ಮಗಳ ಮದುವೆಗೆ ಹಾಕಿಸಿದ್ದು, ಈಗ ಸಣ್ಣವಳಿಗೂ ಅದೇ ಬೇಕು, ಅದೇ ಕೆಂಪು ಬೇಕು ಅಂದ. “ನೀಲಕ್ಕನ ಕೆಂಪು ಅಂದ್ರ ಕೆಂಪು ನೋಡ್ರಿ!”

ನೀಲಕ್ಕನ ಕೆಂಪು! ಊರಿಗೇ ಗೊತ್ತಿದ್ದ ಮಾತು. ಗಂಡ ಹೆಂಡತಿಗೆ ವರ್ಷಗಟ್ಟಲೆ ಜಗಳ ನಡೆದದ್ದು ಆ ಕೆಂಪಿಗಾಗಿ. ವೀರಭದ್ರಪ್ಪ ಒಂದು ಕೆಂಪು ಹಾಕುತ್ತಿದ್ದ. “ಇದು ಕೆಂಪೇನ್ರಿ? ಬದನಿಕಾಯಿ ಆಗೇತಿ!” ಎಂದು ನೀಲಗಂಗಾ ಅವನನ್ನು ಕುರ್ಚಿಯಿಂದ ಎಬ್ಬಿಸಿ, ಪರದೆ ನೋಡಿ ನೋಡಿ ತಾನೇ ತಿದ್ದಿ, ಅಡುಗೆಗೆ ಮನೆಗೆ ಹೋಗುತ್ತಿದ್ದಳು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಕುಂಕುಮದಂಥ ಕೆಂಪು ಇರುತ್ತಿತ್ತು. “ನೋಡಿದ್ರ್ಯಾ?” ಎಂದು ಅವಳು ಗಂಡನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. “ಹೂಂ ಮಾರಾಯ್ತಿ, ನಿನ್ನ ಕಣ್ಣು ಕಣ್ಣು,” ಎಂದು ಅವನು ಕೈ ಮುಗಿಯುತ್ತಿದ್ದ. ಗಿರಾಕಿಗಳ ಮುಂದೆ, “ಈ ಕೆಂಪು ನನ್ನದಲ್ಲಪಾ, ಮನಿಯಾಕಿದು,” ಎಂದು ಹೆಸರಿಟ್ಟವನೂ ಅವನೇ.

ಅವನ ಕಡೆಯ ವರ್ಷಗಳ ಕೆಲಸದಲ್ಲಿ ವೈರಸ್ಸಿಗೆ ಸಿಗದೆ ಒಂದಿಷ್ಟು ಸಿಡಿಯಲ್ಲಿ ಉಳಿದಿತ್ತು. ಅದರೊಳಗಿಂದ ನೀಲಗಂಗಾ, ತಾನು ಆ ಪತ್ರಿಕೆಯನ್ನು ತಿದ್ದಿ ಇಟ್ಟ ದಿನದ ನಕಲನ್ನು ತೆರೆದಳು. ಹೊಸ ಪರದೆ ಇದ್ದ ಬಣ್ಣವನ್ನು ಇದ್ದ ಹಾಗೆ ತೋರಿಸಿತು.

ಗಜ್ಜರಿ. ಹಸಿ ಗಜ್ಜರಿಯ ಕಿತ್ತಳೆ ಬಣ್ಣ.

“ಮೆಹಬೂಬಾ! ಯಾರೋ ಇದನ್ನ ಕೆಡಿಸಿದಾವ್ರು?”

ಮೆಹಬೂಬ ಬಂದು ನೋಡಿದ. ತಲೆ ಕೆರೆದುಕೊಂಡ.

“ಯಾರೂ ಕೆಡಿಸಿಲ್ರಿ, ಅಕ್ಕಾರ.”

“ಮತ್ತ? ಇದು ನನ್ನ ಕೆಂಪೇನು?”

“ಹೌದ್ರಿ. ಇದ ನಿಮ್ಮದು.” ಅವನು ಪರದೆಯ ಮೇಲೆ ಬೆರಳಿಟ್ಟ. “ಹಳೇ ಪರದೆ ಎಲ್ಲಾ ಕೆಂಪನ್ನೂ ಬದನಿಕಾಯಿ ಮಾಡಿ ತೋರಸ್ತಿತ್ರಿ. ನೀವು ಅದನ್ನ ನೋಡಿ ತಿದ್ದತಿದ್ರಿ. ನೀವು ಮನಿಗೆ ಹ್ವಾದ ಮ್ಯಾಲ ಅಣ್ಣಾರು ತಿರುಗಿ ತಮ್ಮದು ಹಾಕಿ ಅಚ್ಚಿನ ಪ್ಲೇಟಿಗೆ ಕಳಸ್ತಿದ್ರು. ನಾ ಒಮ್ಮೆ ಕೇಳಿದೆ, ಅಕ್ಕಾರಿಗೆ ಹೇಳಬಾರದೇನ್ರಿ ಅಂತ. ‘ಸುಮ್ನಿರೋ, ಆಕಿ ಆ ಕಾರ್ಡ್ ಹಿಡಕೊಂಡು ನಗೂದು ನೀ ನೋಡಿಲ್ಲೇನು’ ಅಂದ್ರು.”

ಮೆಹಬೂಬನ ಕಣ್ಣು ತುಂಬಿತ್ತು. ನಂದಿ ಸಂಭ್ರಮದಿಂದ ಗಂಟೆ ಅಲ್ಲಾಡಿಸಿತು. “ಮೆಹಬೂಬ. ನಮ್ಮವ.”

ನೀಲಗಂಗಾ ಪರದೆಯನ್ನೇ ನೋಡುತ್ತಿದ್ದಳು. ಗಜ್ಜರಿ ಬಣ್ಣ ಮೆಲ್ಲಗೆ ಕಲಸಿತು, ಹರಡಿತು. ಪರದೆ ಕೆಟ್ಟಿತೆಂದು ಅವಳು ಕೈ ಮುಂದೆ ಮಾಡಿ ಒರೆಸಿದಳು. ಪರದೆ ಒಣಗಿತ್ತು. ಅಷ್ಟರಲ್ಲಿ ಬಾಯಿಂದ ಒಂದು ಸದ್ದು ಬಂತು. ಅದು ತನ್ನದೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಬಂದದ್ದು ಒಂದು ಹನಿಯಲ್ಲ, ಎರಡಲ್ಲ. ತುಂಗಭದ್ರೆಯ ಅಣೆಕಟ್ಟಿನವರು ತಮ್ಮದೇ ಬಾಗಿಲು ಕಿತ್ತಿತೇನೋ ಎಂದು ಓಡಿ ಹೋಗಿ ನೋಡಿ ಬಂದರಂತೆ.

ಹಾರ್ನು!

“ಇವರ್ಯಾರೋ ನನಗ ಗೊತ್ತಿಲ್ಲ!” ನಂದಿ ಚೀರಿತು. “ನೀಲಗಂಗವ್ವನ ಕುರ್ಚ್ಯಾಗ ಯಾರೋ ಕೂತಾರ!”

“ಏ, ಆಕಿನ ನೀಲಗಂಗವ್ವೋ!” ತಿರಕಪ್ಪ ಕೂಗಿದ.

“ಅಲ್ಲ! ನೀಲಗಂಗವ್ವ ಅಳೂದಿಲ್ಲ!”

ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದವು. ಹೊರಗಿನವರು ಬಾಗಿಲಲ್ಲಿ ನಿಂತರೆ ನಂದಿ ಬರೀ ಹಾರ್ನು ಹೊಡೆಯುತ್ತಿತ್ತು. ಒಳಗಿನ ಕುರ್ಚಿಯಲ್ಲಿಯೇ ಕಳ್ಳರು ಕುಳಿತರೆ ಏನು ಮಾಡಬೇಕೆಂದು ಗುರಸಿದ್ದ ಅದಕ್ಕೆ ಬೇರೆ ಪಾಠ ಕಲಿಸಿದ್ದ. ಕಲಿಸಿದ್ದನ್ನು ಅವನೇ ಮರೆತಿದ್ದ. ನಂದಿ ಮಾಲೀಕರಿಗೆ ಫೋನ್ ಮಾಡಿತು.

ಡ್ರಾವರಿನೊಳಗೆ ವೀರಭದ್ರಪ್ಪನ ಮೊಬೈಲ್ ಮೊಳಗಿತು. ಎಲ್ಲ ಕಾರ್ಡುಗಳ ಕೆಳಗೆ ಅಚ್ಚಾದ ನಂಬರು ಅದೇ ಆದ್ದರಿಂದ ನೀಲಗಂಗಾ ಅದನ್ನು ದಿನಾ ಚಾರ್ಜ್ ಮಾಡಿ ಇಟ್ಟಿರುತ್ತಿದ್ದಳು. ಅವಳು ಅಳುತ್ತಲೇ ರೂಢಿಯಂತೆ ಫೋನ್ ಎತ್ತಿದಳು.

“ಮಾಲೀಕರ, ನಾನು ನಂದಿ. ಅಂಗಡ್ಯಾಗ ಯಾರೋ ಒಬ್ಬಾಕಿ ಕೂತು ಅಳಾಕತ್ತಾಳ. ನನಗ ಗುರುತಿಲ್ಲ. ನಿಮಗ ಗುರುತೈತೇನ್ರಿ? ಒಳಗ ಬಿಡ್ಲ್ಯಾ?”

ಆಗಷ್ಟೇ ಓಡಿ ಬಂದ ಗುರಸಿದ್ದ ಬಾಗಿಲ ಚೌಕಟ್ಟು ಹಿಡಿದು ನಿಂತ. ನೀಲಗಂಗಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಗೋಡೆಯ ಕಡೆ ಒಮ್ಮೆ ನೋಡಿದಳು.

“ಬಿಡು,” ಅಂದಳು. “ನಮ್ಮಾಕಿ ಅದಾಳ.”

“ಆತ್ರಿ, ಮಾಲೀಕರ. ಗುರುತು ಬರಕೊಂಡೆ. ಹಳೇದು ತಗದು ಹಾಕಿದೆ.” ಗಂಟೆ ಅಲ್ಲಾಡಿತು. ಕಂಪ್ಯೂಟರುಗಳೆಲ್ಲ ಒಮ್ಮೆಲೇ ಬೆಳಗಿದವು. “ನೀಲಗಂಗವ್ವ. ನಮ್ಮಾಕಿ. ಒಳಗ ಬರ್ರಿ.”

ಅಂದು ಅವಳು ಸಂಜೆಯವರೆಗೆ ಅತ್ತಳು. ಗಿರಾಕಿಗಳು ಬಂದು ನೋಡಿ, ತಾವೂ ಅಷ್ಟು ಅತ್ತು, ಆರ್ಡರ್ ಕೊಟ್ಟು ಹೋದರು. ಸುದ್ದಿ ಕೇಳಿ ಕಸ್ತೂರೆವ್ವ ಬಂದಳು. ಪಕ್ಕದಲ್ಲಿ ಕುಳಿತು ನೀಲಗಂಗಾಳ ಬೆನ್ನ ಮೇಲೆ ಕೈ ಇಟ್ಟಳು. ಗದಗಿನಲ್ಲಿ ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಕಂಡವರು ಬಹಳಿಲ್ಲ.

ಮರುದಿನ ನೀಲಗಂಗಾ ಮುಖ ತೊಳೆದು, ಕುಂಕುಮವಿಲ್ಲದ ಹಣೆಗೆ ವಿಭೂತಿ ಹಚ್ಚಿ, ಎಂದಿನ ಒಣ ಮುಖದಲ್ಲಿ ನಂದಿಯ ಮುಂದೆ ನಿಂತಳು.

“ಇವರ್ಯಾರೋ ನನಗ ಗೊತ್ತಿಲ್ಲ!”

ಗುರಸಿದ್ದ ಕುಣಿದಾಡಿದ. “ವೈನಿ, ಇನ್ನ ಚಿಂತಿಲ್ಲ! ದಾರಿ ಸಿಕ್ತು! ಅಣ್ಣನ ಫೋನಿನಾಗ ನೀವು ಹೂಂ ಅಂದ್ರ ಅದು ಎಲ್ಲಾರ ಗುರುತೂ ಬದಲಿ ಮಾಡಕೋತೈತಿ! ಇವತ್ತ ಎಲ್ಲಾರೂ ನಕ್ಕೋತ ನಿಂದರ್ರಿ, ಹೊಸದು ತಗೊಂಬಿಡೂನು. ನಾಳೆಯಿಂದ ಯಾರೂ ಅಳೂದ ಬ್ಯಾಡ!”

ಮೆಹಬೂಬ, ತಿರಕಪ್ಪ ಇಬ್ಬರೂ ನೀಲಗಂಗಾಳ ಮುಖ ನೋಡಿದರು. ಅವಳು ಒಂದು ಸ್ಟೂಲು ಎಳೆದು ನಂದಿಯ ಎದುರಿಗೆ ಹಾಕಿಕೊಂಡು ಕುಳಿತಳು. ಹೊರಗೆ ಆಗಲೇ ಗಿರಾಕಿಗಳು ನಿಂತಿದ್ದರು. ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡು ಅಂದಳು:

“ಇರಲಿ ಬಿಡೋ. ಒಮ್ಮೆ ಕೆಲಸ ಸುರು ಆತಂದ್ರ ಅಳಾಕ ವ್ಯಾಳ್ಯಾ ಯಾರು ಕೊಡ್ತಾರ?”